ಸಮುರಾಯ್ ಸೊಸೆಗೆ

ಕೊರಟಗೆರೆ
೩-೧೧-೧೯೮೮

ಗೌರಾ,

ನಿನ್ನ ಅತ್ತೆಯ ಆಶೀರ್ವಾದ. ಕ್ಷೇಮವೇ ಎಂದು ಕೇಳುವುದಿಲ್ಲ. ತವರಿನಲ್ಲಿ ಕೂತವಳಿಗೆ ಏನು ಕಡಿಮೆ. ಇಲ್ಲಿ ನಾವೂ ಚೆನ್ನಾಗಿಯೇ ಇದ್ದೇವೆ. ನಿನ್ನ ಗಂಡ ಮಾತ್ರ ಊಟದ ತಟ್ಟೆಯಲ್ಲಿ ಬೆರಳಾಡಿಸಿ ಎದ್ದು ಹೋಗುತ್ತಾನೆ.

ಹಿರಿಯರ ಹಬ್ಬದ ದಿನ ನಡೆದದ್ದರ ಬಗ್ಗೆ ನಾನು ಬರೆಯುವುದು ಇಷ್ಟೇ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ನನ್ನ ತಮ್ಮ ತಿಮ್ಮರಾಯಪ್ಪ ಹೆಂಡತಿಯ ಜೊತೆ ಕಾಫಿಗೆ ಕಾದು ಕೂತಿದ್ದ. ನೀನು ಟಿ.ವಿ. ಮುಂದೆ ಕೂತು, ನಿಮ್ಮಣ್ಣ ಹಡಗಿನ ಕೆಲಸದ ಮೇಲೆ ಜಪಾನಿಗೆ ಹೋದಾಗ ತಂದುಕೊಟ್ಟ ಆ ವಿಡಿಯೋ ಗೇಮಿನಲ್ಲಿ ಕತ್ತಿ ಬೀಸುತ್ತಿದ್ದೆ. "ನಿಮ್ಮಪ್ಪನ ಮನೇಲಿ ಇದನ್ನೇ ಕಲ್ಸಿದ್ದಾ?" ಎಂದೆ. ಅತ್ತೆಯಾದವಳು ಅಷ್ಟೂ ಅನ್ನಬಾರದೇ? ನೀನು ಹಣೆಗೆ ಕುಂಕುಮವನ್ನೂ ಇಡಿಸಿಕೊಳ್ಳದೆ ಪಾವಗಡದ ಬಸ್ಸು ಹತ್ತಿದೆ. ಹಾಗೆ ಹೋದ ಸೊಸೆಯನ್ನು ಗಂಡ ಹೋಗಿ ಕರೆದು ತರಬೇಕು. ಅತ್ತೆ ಹೋಗುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ದೀಪಾವಳಿಗೆ ಮುಂಚೆ ಹೋಗಿ ಬಾ ಎಂದರೆ ನಿನ್ನ ಗಂಡ, "ಅಂದೋಳು ನೀನು, ನಾನ್ಯಾಕ್ ಹೋಗ್ಲಿ? ನೀನೇ ಹೋಗವ್ವ" ಎನ್ನುತ್ತಾನೆ. ಬಾಯಿ ಬೆಳೆದಿದೆ ಅವನಿಗೆ.

ಈಗ ನಿನ್ನ ಆಟದ ವಿಷಯ. ನೀನು ಎದ್ದು ಹೋದಾಗ ಆ ಸಮುರಾಯ್, ಜಪಾನಿನ ಹಳೇ ಕಾಲದ ಕತ್ತಿವೀರ, ಕೋಟೆಯ ಮೂರನೆಯ ಬಾಗಿಲು ದಾಟಿ ಸೇತುವೆಯ ಮೇಲೆ ನಿಂತಿದ್ದ. ಆಟ ಆರಿಸಿದರೆ ಮತ್ತೆ ಮೊದಲಿನಿಂದ ಬರಬೇಕೆಂದು ನೀನೇ ಹೇಳಿದ್ದೆ. ಹಾಗಾಗಿ ನಾನು ಆರಿಸಲು ಬಿಡಲಿಲ್ಲ. ಟಿ.ವಿ.ಗೆ ಪಂಚೆ ಹೊದಿಸಿ, ಯಾರೂ ಮುಟ್ಟಕೂಡದೆಂದೆ. ಕರೆಂಟಿನ ಭರವಸೆ ಇಲ್ಲವೆಂದು ರೇಡಿಯೋ ರಿಪೇರಿಯ ಕದರಪ್ಪನನ್ನು ಕರೆಸಿ ಕಾರಿನ ಬ್ಯಾಟರಿ ಹಾಕಿಸಿದೆ.

"ಲಕ್ಕಮ್ಮಾರೇ, ನಂದಾದೀಪನೂ ಹಿಂಗ್ ಕಾಯಕಿಲ್ಲ ಯಾರೂ" ಎಂದು ನಕ್ಕ.

"ಬಾಯ್ ಮುಚ್ಕಂಡು ತಂತಿ ಸುತ್ತಲಾ" ಎಂದೆ.

ಆ ಬ್ಯಾಟರಿಯೂ ಒಂದು ಸಂಜೆ ಕೈಕೊಟ್ಟಿತು. ಕರೆಂಟು ಬಂದಾಗ ನೋಡಿದರೆ ನಿನ್ನ ಸಮುರಾಯ್ ಕೋಟೆಯ ಹೊರಗೆ, ಬಿದಿರು ಮೆಳೆಯ ಹತ್ತಿರ ಹೊಸದಾಗಿ ಹೊರಟವನಂತೆ ನಿಂತಿದ್ದಾನೆ.

ನೀನು ಬಂದು ನೋಡಿದರೆ ಅತ್ತೆಯೇ ಬೇಕೆಂದು ಆರಿಸಿದಳು ಎನ್ನುತ್ತೀಯ. ಆ ಮಾತು ನನಗೆ ಬೇಡ. ಅವನನ್ನು ಇದ್ದ ಜಾಗಕ್ಕೆ ಮುಟ್ಟಿಸಿಬಿಡೋಣ ಎಂದು ದಿನಾ ಮಧ್ಯಾಹ್ನ ನಾನೇ ಕೂತೆ. ಹಳ್ಳಕ್ಕೆ ಬಿದ್ದು ಸತ್ತ. ನರಿ ಕಚ್ಚಿ ಸತ್ತ. ನನ್ನ ಹೆಬ್ಬೆರಳು ಬಾತುಕೊಂಡು ಸೊಪ್ಪು ಸೋಸಲಾಗಲಿಲ್ಲ. ಪಕ್ಕದ ಮನೆಯ ಕೊಲ್ಲಾಪುರಮ್ಮ ಕಿಟಕಿಯಿಂದ, "ಹಾರು ಲಕ್ಕಕ್ಕ, ಗುಂಡಿ ಐತೆ ಕಣಕ್ಕ" ಎನ್ನುವಳು. ನಾನು ಗುಂಡಿ ಒತ್ತುವಷ್ಟರಲ್ಲಿ ಅವನು ಹೊಂಡದಲ್ಲಿರುವನು. "ನಿನ್ ಕೈಲಿ ಆಗಕಿಲ್ಲ, ಸಮುರಾಯ್ ಸೊಸೇನ ಕರ್ಕಂಬಾ" ಎಂದು ಅವಳ ವರಾತ. ಬೀದಿಯಲ್ಲಿ ಈಗ ನಿನಗೆ ಅದೇ ಹೆಸರು. ಗೋಲಿಯಾಡುವ ಮಕ್ಕಳು ಸೊಂಟ ಬಗ್ಗಿಸಿ ಒಬ್ಬರಿಗೊಬ್ಬರು ವಂದಿಸಿ ಆಮೇಲೆ ಹೊಡೆದಾಡುತ್ತಾರೆ. ನೀನು ಹಚ್ಚಿ ಹೋದ ಚಾಳಿ, ಬಿಡಿಸಲು ನನಗೆ ಮನಸ್ಸಾಗಿಲ್ಲ.

ಮೂರನೆಯ ಬಾಗಿಲ ಕಾವಲುಗಾರನೇ ನನಗೆ ಬಗ್ಗದವನು. ಅವನಿಗೆ ಮೊದಲು ತಲೆಬಾಗಿದರೆ ದಾರಿ ಬಿಡುತ್ತಾನೆಂದು ನೀನು ಮಕ್ಕಳಿಗೆ ಹೇಳಿಕೊಡುವುದನ್ನು ಕೇಳಿದ್ದೆ. ಬಾಗಿಲು ಕಾಯುವವನಿಗೆ ನಾನೇಕೆ ತಲೆಬಾಗಲಿ? ಕತ್ತಿಯಲ್ಲೇ ನೋಡೋಣ ಎಂದೆ. ಹೋದಾಗಲೆಲ್ಲ ಕಡಿದು ಹಾಕಿದ. ನಿನ್ನೆ ಬಾಗಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಅವನೂ ಬಾಗಿದ, ಬಾಗಿಲು ತೆರೆಯಿತು.

ಈಗ ನಿನ್ನವನು ಸೇತುವೆಯ ಮೇಲಿದ್ದಾನೆ. ಬೇರೆ ಬ್ಯಾಟರಿ ಹಾಕಿಸಿದ್ದೇನೆ. ಇನ್ನು ಮುಂದಿನದನ್ನು ನಾನು ಮುಟ್ಟುವುದಿಲ್ಲ, ಅದು ನಿನ್ನ ಆಟ.

ಹಬ್ಬದ ಕಜ್ಜಾಯಕ್ಕೆ ಪಾಕ ನೋಡಲು ನಿನ್ನಷ್ಟು ಹದ ಬಲ್ಲವರು ಈ ಮನೆಯಲ್ಲಿಲ್ಲ. ಇದನ್ನು ನಿನ್ನೆದುರು ಹೇಳಿದ್ದಿಲ್ಲ, ಹೇಳುವುದೂ ಇಲ್ಲ. ಕಾಫಿ ನಾನೇ ಕಾಯಿಸುತ್ತೇನೆ. ನೀನು ಆಟ ಮುಗಿಸಿ ಎದ್ದರಾಯಿತು; ತಿಮ್ಮರಾಯಪ್ಪ ಬಂದರೆ ಅವನೂ ಕೂತು ನೋಡಲಿ.

ನಿನ್ನನ್ನು ಈ ಮನೆಯವಳೆಂದೇ ತಿಳಿದಿರುವ
ಲಕ್ಕಮ್ಮ

ಮರೆತ ಮಾತು: ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ನನ್ನ ಜೊತೆಯೇ ಬಂತು. ಈ ಸಾಲನ್ನು ನಿಮ್ಮ ಮನೆಯ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮ ಒಳಗೆ ಕರೆಯುತ್ತಿದ್ದಾರೆ. ಮೊದಲು ಇದು ನಿನ್ನ ಕೈ ಸೇರಲಿ ಎಂದೆ. ಬಾಯಲ್ಲಿ ಇಷ್ಟನ್ನು ಹೇಳಲು ನನಗೆ ಬರುವುದಿಲ್ಲ. ಓದಿ ಹೊರಗೆ ಬಾ. ಬರುವ ಮನಸ್ಸಿದ್ದರೆ ಬಟ್ಟೆ ಕಟ್ಟಿಕೊಂಡೇ ಬಾ. ಇಲ್ಲದಿದ್ದರೆ ಬರಿಗೈಯಲ್ಲಾದರೂ ಬಾ, ಮುಖ ನೋಡಿಕೊಂಡು ಹೋಗುತ್ತೇನೆ.