ಬರಿ ಅಂದದ್ದು ನಾನೇ

ಆಗಸ್ಟ್ 4, ಸೋಮವಾರ

ಸಂಜೆ 5.40ಕ್ಕೆ ಶುರು. 7.55ಕ್ಕೆ ನಿಂತಿತು. ಹೆಗಲಿಗೆ ಹಾಕಿ ಬೆನ್ನು ತಟ್ಟಿದೆ. ತೇಗು ಬಂತು, ಅಳು ಹೋಗಲಿಲ್ಲ. ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು... ಐದು ವಾರದ ಕೂಸಿಗೆ ಇಷ್ಟು ಸಿಟ್ಟು ಯಾರ ಮೇಲೆ?

ಜಹೀರಾಬಾದಿನ ಡಾಕ್ಟರಮ್ಮ ಹೇಳಿದ್ದು — ಗ್ಯಾಸು, ರೋಗವಲ್ಲ, ಮೂರು ತಿಂಗಳಿಗೆ ತಾನೇ ಹೋಗುತ್ತದೆ, ಅಳುವ ಟೈಮು ಬರೆದಿಡಿ. ಬರೆಯುವುದು ನನ್ನ ಕೆಲಸ. ಬೀದರ್ ಬಸ್ಸಿನ ಬೋರ್ಡು ಕೂಡಿಸಿ ಓದಿ ಅಕ್ಷರ ಕಲಿತವಳು ನಾನು. ಕೂಸಿನ ತಾಯಿ, ನನ್ನ ಮಗಳು ಶೈಲಶ್ರೀ ಬಿಎ, ಪೆನ್ನು ಮುಟ್ಟುವುದಿಲ್ಲ. ಅವಳಿಗೆ ನಿದ್ದೆ ಸಿಕ್ಕರೆ ಸಾಕು, ಪಾಪ.

ಅವಳ ಅತ್ತೆ ಕೌಶಲ್ಯಾ ಕಲ್ಹೇರದಿಂದ ಬಂದಿದ್ದಾಳೆ. ಶ್ರಾವಣ ಸೋಮವಾರ. ಹಣೆ ತುಂಬ ವಿಭೂತಿ, ಬಾಯಿ ತುಂಬ ವಿಷ.

"ನಾಕು ಹಡದೀನಿ ಬೀಗ್ರ, ಒಂದೂ ಹಿಂಗ ಒದರಿಲ್ಲ. ನಿಮ್ಮ ಮಗಳ ಹಾಲಿನಾಗೇ ವಾಯು ಅದ."

"ಹಾಲಿಂದಲ್ರಿ. ದನಿ ಕಲ್ಹೇರದ ಅಜ್ಜಿದು ಬಂದದ," ಅಂದೆ.

ಆಗಸ್ಟ್ 6

5.15ರಿಂದ 8.05. ಕೌಶಲ್ಯಾ ಇನ್ನೂ ಹೋಗಿಲ್ಲ, ಮಾರಾಯ್ತಿ. ಚೀಲವನ್ನೂ ಬಿಚ್ಚಿದ್ದಾಳೆ.

"ಹೊಟ್ಟಿಗಿ ಬರಿ ಹಾಕ್ರಿ. ಬಳಿ ಚೂರು ಕಾಸಿ ಹೊಕ್ಕಳ ಸುತ್ತ ನಾಕು ಕಡಿ ಇಟ್ರ ಮುಗೀತು."

"ನನ್ನ ಮನ್ಯಾಗ ಒಲಿ ಹಚ್ಚೋದು ಅಡಗಿಗ್ರಿ."

"ಹೌದೇನ್ರಿ? ನಿಮ್ಮ ಮಗಳ ಹೊಟ್ಟಿ ಮ್ಯಾಲ ನಾಕು ಸುಟ್ಟ ಕಲಿ ಅವಲ್ಲ. ಅದ್ಯಾವ ಅಡಗಿ?"

ಶೈಲು ನನ್ನ ಕಡೆ ನೋಡಿದಳು. ನಾನು ಎದ್ದು ಹೋದೆ.

ಇಲ್ಲಿ ಸುಳ್ಳು ಬರೆಯಲಾರೆ. ಇಪ್ಪತ್ತಾರು ವರ್ಷದ ಹಿಂದೆ ಶೈಲುಗೆ ಬರೆ ಹಾಕುವಾಗ ನಾನೇ ಅವಳ ಕಾಲು ಹಿಡಿದೆ. ಹದಿನೈದು ದಿನ ಕೀವು. ಅಳು ಮಾತ್ರ ಇದ್ದಂತೆಯೇ ಇತ್ತು, ಮೂರು ತಿಂಗಳಿಗೆ ತಾನೇ ಹೋಯಿತು. ಇದನ್ನು ಶೈಲುಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಆಗಸ್ಟ್ 11, ತಾಂಡೂರು

ಹೇಳಲಿಲ್ಲ. ದಿನಾ ನಾಳೆ ನಾಳೆ ಅಂದೆ. ಇವತ್ತು ತಂಗಿ ಪ್ರೇಮಲಾ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳೆಂದು ಬೆಳಿಗ್ಗೆ ಇಲ್ಲಿಗೆ ಓಡಿ ಬಂದೆ, ನೋಟಬುಕ್ಕೂ ನನ್ನ ಚೀಲದಲ್ಲೇ ಬಂತು.

ಸಂಜೆ ಫೋನು ಮಾಡಿದೆ. ಶೈಲು ಎತ್ತಿದಳು. ಅವಳೂ ಅಳುತ್ತಿದ್ದಳು, ಕೂಸೂ. "ಅವ್ವಾ, ನಿಲ್ಲವಲ್ತು... ಏನ ಮಾಡ್ಲಿ?" ಆ ಗದ್ದಲದಲ್ಲಿ ನನ್ನ ಮಾತು ಕೇಳಿಸುತ್ತಲೇ ಇಲ್ಲ. "ಎಷ್ಟೊತ್ತಿಗಿ ಶುರು ಆತು, ಬರಿ," ಅಂದೆ. "ಹಾಂ?" ಅಂದಳು. "ಬರಿ! ಬರಿ!" ಎಂದು ಕೂಗಿದೆ.

"ಆತ್ರಿ ಬೀಗ್ರ," ಅಂತ ಪಕ್ಕದಿಂದ ಕೌಶಲ್ಯಾಳ ದನಿ. ಎಂದೂ ಇಲ್ಲದ ಮರ್ಯಾದೆ. ಯಾಕೋ...

ಆಗಸ್ಟ್ 12

ಮೊದಲ ಬಸ್ಸಿಗೆ ಬಂದೆ. ಕೂಸಿನ ಹೊಟ್ಟೆಯ ಮೇಲೆ ನಾಕು ಬರೆ.

ಹಂಚಿನ ಮೇಲೆ ಬಳೆ ಚೂರು ಇನ್ನೂ ಇತ್ತು. ಎತ್ತಿ ಕೌಶಲ್ಯಾಳ ಮುಖಕ್ಕೆ ಎಸೆದೆ.

"ನನ್ನ ಮ್ಯಾಲ ಯಾಕ ಎಗರ್ತೀರಿ? ಫೋನಿನ್ಯಾಗ ಬರಿ ಅಂದವ್ರು ಯಾರು?"

"ಟೈಮು ಬರಿ ಅಂದೆ! ಪೆನ್ನಿಲೆ ಬರಿ ಅಂದೆ!"

"ನಮಗೇನ ಗೊತ್ತು? ನಮಗ ಬರಿ ಅಂದ್ರ ಒಂದೇ."

ಶೈಲು ಗೋಡೆಗೆ ಆತು ಕೂತಿದ್ದಳು.

"ನಿನಗರೆ ತಿಳೀಬಾರದೇನ, ಶೈಲು?"

"ನನಗೂ ಬರಿ ಹಾಕಿದ್ದ್ಯಲ್ಲವ್ವ. ನೀ ಹೇಳ್ದಿ ಅಂತ... ಕಾಲು ನಾನೇ ಹಿಡದೆ."

ಡಾಕ್ಟರಮ್ಮ ಮುಲಾಮು ಬರೆದುಕೊಟ್ಟಳು. ನಮ್ಮಿಬ್ಬರಿಗೂ ಮರ್ಯಾದೆ ಬಿಟ್ಟು ಬೈದಳು. ತಲೆ ತಗ್ಗಿಸಿ ಕೇಳಿದೆ. ಕೌಶಲ್ಯಾ ಅಷ್ಟರಲ್ಲಿ ಕಲ್ಹೇರಕ್ಕೆ ಹೋಗಿದ್ದಳು. ಹಾಳಾಗಿ ಹೋಗಲಿ.

ಆಗಸ್ಟ್ 17

5.20ಕ್ಕೆ ಶುರು. ಅಳು ಮೊದಲಿನಂತೆಯೇ. ಗಾಯ ತಾಕುತ್ತದೆಂದು ಹೆಗಲಿಗೂ ಹಾಕುವಂತಿಲ್ಲ. ಮೂರು ತಿಂಗಳಿಗೆ ಹೋಗುತ್ತದೆ, ನಿನ್ನದೂ ಹಾಗೇ ಹೋಯಿತು, ಬರೆಯಿಂದಲ್ಲ — ಇವತ್ತು ಶೈಲುಗೆ ಹೇಳಿದೆ.

"ಗೊತ್ತಿದ್ದೂ ಸುಮ್ನಿದ್ದೆಲ್ಲ," ಅಂದಳು.

ಆಮೇಲೆ ಕೈ ಚಾಚಿದಳು. "ನೋಟಬುಕ್ಕು ತಾ ಇಲ್ಲಿ. ಇನ್ನ ನಾ ಬರೀತೀನಿ. ನೀ ಬರ್ಯೋದು ಬ್ಯಾಡ."

ಈ ಸಾಲು ಮುಗಿಸಿ ಕೊಡುತ್ತೇನೆ ಅಂದೆ. ನಿಂತೇ ಇದ್ದಾಳೆ. 5.50. ಇನ್ನೂ ಅಳು