ಗೋಪುರದ ಮೇಲಿಂದ ಕಂಡದ್ದು

ಪರಮಪೂಜ್ಯ ಅಪ್ಪನವರಿಗೆ,

ತಮ್ಮ ತಲೆಹರಟೆ ಮಗನ ವರದಿ. ಹುಟ್ಟಿದೂರನ್ನೇ ಸರಿಯಾಗಿ ನೋಡಿಲ್ಲವೆಂದು ಅಮ್ಮನನ್ನೂ ತಂಗಿಯನ್ನೂ ಇವತ್ತು ಪ್ರವಾಸ ಹೊರಡಿಸಿದೆ. ತಮ್ಮ ಹಳೇ ಕೊಡೆ ಎತ್ತಿ ಹಿಡಿದು ನಾನೇ ಗೈಡ್. "ಮಹಾಜನರೇ, ಈ ಚರಂಡಿ ಅತಿ ಪುರಾತನವಾದದ್ದು" ಎಂದರೆ ಅಮ್ಮ, "ಮುಚ್ಚೋ ಬಾಯಿ, ಜನ ನೋಡ್ತಿದಾರೆ" ಎಂದು ನಕ್ಕಳು. ತಾವು ದೂರದೂರಿನ ಕೆಲಸಕ್ಕೆ ಹೋದಮೇಲೆ ಅವಳು ಹಾಗೆ ನಕ್ಕಿದ್ದು ಇವತ್ತೇ.

ಗಡಿಯಾರದ ಗೋಪುರದ ತುದಿಯಲ್ಲೊಂದು ದುರ್ಬೀನು ಇದೆ. ಮೊದಲು ನಾನು ನೋಡಿದೆ. ಹಳೇ ಗಿರಣಿಯ ಆಚೆ, ಒಂದು ಮನೆಯ ತಾರಸಿಯ ಮೇಲೆ ಬನಿಯನ್ನಿನಲ್ಲಿ ತಾವು ನಿಂತಿದ್ದಿರಿ. ಬೆಳಿಗ್ಗೆಯಷ್ಟೇ ಫೋನಿನಲ್ಲಿ "ಇಲ್ಲಿ ವಿಪರೀತ ಚಳಿ ಕಣೋ" ಎಂದವರು! ಹೆಗಲ ಮೇಲೊಂದು ಮಗು. ಅದು ತಮ್ಮ ಕಿವಿ ಹಿಡಿದಿತ್ತು, ನಾನು ಹಿಡಿಯುತ್ತಿದ್ದ ಹಾಗೆಯೇ. ತಾವು ಅದಕ್ಕೆ ನಮ್ಮ ಗೋಪುರವನ್ನೇ ಬೆರಳು ಮಾಡಿ ತೋರಿಸುತ್ತಿದ್ದಿರಿ.

"ಏನ್ ಕಾಣ್ತೋ?" ಅಂದಳು ಅಮ್ಮ.

"ಕಾಗೆ ಕಣಮ್ಮ. ಯಾರೋ ಹಾರಿಸ್ತಿದಾರೆ."

ದುರ್ಬೀನನ್ನು ಕೆರೆಯ ಕಡೆ ತಿರುಗಿಸಿ ಅವಳಿಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. "ನಿಮ್ಮಪ್ಪ ಬಂದಾಗ ಇಲ್ಲಿಗೆ ಕರ್ಕೊಂಡ್ ಬರೋಣ ಕಣೋ. ಪಾಪ, ಅವರೂ ನೋಡಿಲ್ಲ."

ನಿನ್ನ ನಿಜವಾದ ವಿಳಾಸ ಈಗ ಗೊತ್ತಾಗಿದೆ, ಅಪ್ಪ. ಅದಕ್ಕೇ ಇದನ್ನು ಕಳಿಸುತ್ತಿಲ್ಲ.