ಈ ಡಿಸ್ಕು ಬೇರೊಬ್ಬರದು

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೯, ಬುಧವಾರ ಮಧ್ಯಾಹ್ನ

ಪ್ರೀತಿಯ ಗಿಣಿ,

ಇದೇ ತಿಂಗಳ ಮೂರರಂದು, ಸೋಮವಾರ, ನಿನ್ನ ಕಂಪನಿ ನಮ್ಮ ಕಪಾಟಿನ ನೂರ ಹನ್ನೆರಡು ಆಟದ ಡಿಸ್ಕುಗಳನ್ನು ನನ್ನ ಕೈಯಿಂದಲೇ ಕೊಲ್ಲಿಸಿತು. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ನಿನ್ನ ಗಂಟಲು ಹೇಗಿದೆ ಹೇಳು. ಟಿವಿಯಲ್ಲಿ ಕಂಪನಿಯ ಪರವಾಗಿ ಮಾತಾಡುವಾಗ ನಿನ್ನ ದನಿ ಒಡೆದಿತ್ತೆಂದು ಅಪ್ಪ ಎರಡು ದಿನ ಅದನ್ನೇ ಹೇಳಿದರು. ಅವರ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಹದಿನೈದು ದಿನದಿಂದ ಕೆಮ್ಮುತ್ತಿದ್ದೇನೆ, ಅದು ಅವರಿಗೆ ಫ್ಯಾನಿನ ಸದ್ದಿನ ಹಾಗೆ. ಉಳಿದಂತೆ ಅಪ್ಪ ಗಟ್ಟಿಯಾಗಿದ್ದಾರೆ. ಪತ್ರಿಕೆಯಲ್ಲಿ ಬಂದ ನಿನ್ನ ಫೋಟೊ ಕತ್ತರಿಸಿ ಹಳೆ ಆಟಗಳ ಕಪಾಟಿನ ಗಾಜಿಗೆ ಅಂಟಿಸಿದ್ದಾರೆ, ಸುಕ್ಕಾಗದಂತೆ ಸ್ಕೇಲಿನಿಂದ ಉಜ್ಜಿ ಉಜ್ಜಿ. ಇಪ್ಪತ್ತು ವರ್ಷದಲ್ಲಿ ನಾನು ಸಂಪಾದಕರಿಗೆ ಬರೆದ ಪತ್ರಗಳಲ್ಲಿ ಒಂಬತ್ತು ಅಚ್ಚಾಗಿವೆ. ಒಂದಕ್ಕೂ ಅಪ್ಪನ ಕತ್ತರಿ ತಾಗಿಲ್ಲ. ಗ್ರಂಥಾಲಯ ಬೇಗ ಮುಚ್ಚುವುದರ ಬಗ್ಗೆ ಬರೆದದ್ದರ ಮೇಲೆ ಒದ್ದೆ ಶೂ ಒಣಗಿಸಿದ್ದರು. ಹೌದು, ಇದು ಹೊಟ್ಟೆಕಿಚ್ಚು. ಇಲ್ಲವೆಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ.

ಈಗ ಆ ಸೋಮವಾರ. ತಿಂಗಳ ಮೊದಲ ಸೋಮವಾರ ನಮ್ಮ ಅಂಗಡಿಯಲ್ಲಿ ಏನು ನಡೆಯುತ್ತದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಕಪಾಟಿನ ಪ್ರತಿ ಡಿಸ್ಕನ್ನೂ ಇಳಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಂಗಡಿಯಲ್ಲಿರುವ ನಿನ್ನ ಕಂಪನಿಯ ಆಟದ ಯಂತ್ರದಲ್ಲಿ ಹಾಕಿ, ಆಟ ಶುರುವಾಗುವುದನ್ನು ಕಣ್ಣಾರೆ ಕಂಡು, 'ನೋಡಿದ್ದೇವೆ' ಎಂಬ ಹಳದಿ ಚೀಟಿ ಅಂಟಿಸುವುದು. ಹಳೆ ಪುಸ್ತಕ ಮಾರುವಾಗ ಪುಟ ಎಣಿಸುತ್ತಿದ್ದ ಅಪ್ಪ, ಆಟಗಳು ಬಂದ ಮೇಲೆ ಮಾಡಿದ ನಿಯಮ. ಒಂಬತ್ತು ವರ್ಷದವಳಿದ್ದಾಗ ಆ ಚೀಟಿ ಬರೆಯುತ್ತಿದ್ದವಳು ನೀನು. ಈ ಸಲ, ಸೋಮವಾರದ ಹಿಂದಿನ ದಿನ, ಯಂತ್ರ ತಾನಾಗಿಯೇ ಹೊಸ ತಂತ್ರಾಂಶ ಇಳಿಸಿಕೊಂಡಿತ್ತು. ಆ ಸೋಮವಾರ ಪ್ರತಿ ಡಿಸ್ಕಿಗೂ ಪರದೆಯ ಮೇಲೆ 'ಸ್ವಾಗತ, ಈ ಆಟ ಈಗ ನಿಮ್ಮ ಮನೆಯದು' ಎಂದು ಬಂತು. ಎಷ್ಟು ಮರ್ಯಾದೆಯ ಮಾತು, ನಮ್ಮ ಗಿಣಿಯೇ ಬರೆದಿರಬೇಕು ಅಂದುಕೊಂಡೆ, ಅದಕ್ಕೂ ಸ್ವಲ್ಪ ಉರಿದುಕೊಂಡೆ, ಸರಿ ಎಂಬ ಗುಂಡಿ ಒತ್ತಿದೆ. ನೂರ ಹನ್ನೆರಡು ಸಲ ಒತ್ತಿದೆ. ಹೊಸ ನಿಯಮದ ಪ್ರಕಾರ, ಈ ತಂತ್ರಾಂಶ ಬಂದ ಮೇಲೆ ಡಿಸ್ಕು ಯಾವ ಯಂತ್ರದೊಳಗೆ ಮೊದಲು ಹೊಕ್ಕಿತೋ ಅದಕ್ಕೇ ಅಂಟಿಕೊಳ್ಳುತ್ತದೆ, ಬೇರೆಲ್ಲೂ ಆಡುವುದಿಲ್ಲ ಎಂಬುದು ನನಗೆ ತಿಳಿದದ್ದು ಗುರುವಾರ. ಎದುರು ಸಾಲಿನ ಅಂಗಡಿಯವನು ಯಾವುದನ್ನೂ ಪರೀಕ್ಷಿಸದೆ ಮಾರುತ್ತಾನೆ, ಅವನ ಡಿಸ್ಕುಗಳೆಲ್ಲ ಚೆನ್ನಾಗಿವೆ. ಅವನ ಮೇಲೂ ನನಗೆ ಕಿಚ್ಚು.

ಗುರುವಾರ ಬೆಳಿಗ್ಗೆ ಬಂದವರು ಬಸ್ ಚಾಲಕರು, ಹನ್ನೊಂದು ವರ್ಷದ ಗಿರಾಕಿ. ಕಾಲು ಮುರಿದು ಮಲಗಿರುವ ಮಗಳಿಗೆಂದು ಹಿಂದಿನ ದಿನ ಒಂದು ಆಟ ಒಯ್ದಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮನೆಯಲ್ಲಿ ಹಾಕಿದರೆ 'ಈ ಡಿಸ್ಕು ಬೇರೊಬ್ಬರದು' ಎಂದು ಬರುತ್ತದೆ ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಇದು ಕದ್ದ ಮಾಲಾ? ನಿಮ್ಮಂಥವರೂ ಹೀಗೆ ಮಾಡ್ತೀರ ಅಂದ್ಕೊಂಡಿರಲಿಲ್ಲ." ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ದುಡ್ಡು ವಾಪಸು ಕೊಟ್ಟೆ, ಅವರು ತೆಗೆದುಕೊಂಡು, ನನ್ನ ಮುಖ ನೋಡದೆ ಹೋದರು.

ಭಾನುವಾರದ ಪತ್ರಿಕೆಯಲ್ಲಿ ನಿನ್ನ ಹೇಳಿಕೆ ಬಂತು: 'ಮೂಲ ಗೊತ್ತಿಲ್ಲದ ಹಳೆ ಡಿಸ್ಕುಗಳಿಂದ ಗ್ರಾಹಕರನ್ನು ಕಾಪಾಡುವುದೇ ನಮ್ಮ ಉದ್ದೇಶ.' ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. "ಎಷ್ಟು ಚೆನ್ನಾಗಿ ಹೇಳಿದಾಳೆ ನೋಡು," ಎಂದು ನನ್ನ ಕಡೆ ತಿರುಗಿದರು. ಆ ಮಾತು ನಮ್ಮ ಮೇಲೇ ಎಂದು ಬಿಡಿಸಿ ಹೇಳಿದೆ. "ಅವಳಿಗೆ ಗೊತ್ತಿದ್ದಿದ್ರೆ ಮೊದಲೇ ಹೇಳ್ತಿರಲಿಲ್ವಾ?" ಅಂದರು. ನಾನು ಇಲ್ಲಿ ಇಷ್ಟು ವರ್ಷ ಧೂಳು ಕುಡಿದರೂ ನನಗಾಗಿ ಅಷ್ಟು ಬೇಗ ಒಂದು ಸಮರ್ಥನೆ ಅವರ ಬಾಯಲ್ಲಿ ಹುಟ್ಟಿಲ್ಲ.

ನನ್ನ ನೆನಪು ನಿನ್ನ ಕಂಪನಿಯ ನೆನಪಿಗಿಂತ ಉದ್ದ. ಅವರ ಮೊದಲ ಯಂತ್ರದ ಜೊತೆ ಬಂದ ಪುಸ್ತಿಕೆ ನನ್ನ ಬಳಿ ಇದೆ, ನಾಲ್ಕನೇ ಪುಟದಲ್ಲಿ 'ಆಡಿ, ಮುಗಿಸಿ, ಗೆಳೆಯರಿಗೆ ಕೊಡಿ' ಎಂದೇ ಅಚ್ಚಾಗಿದೆ. ಹಿಂದೆ ನಮ್ಮಲ್ಲಿಗೆ ಒಂದು ದಪ್ಪ ನಿಘಂಟು ಬಂದಿತ್ತು, ಮೊದಲ ಪುಟದಲ್ಲಿ 'ಮರುಮಾರಾಟ ಮಾಡಕೂಡದು' ಎಂದು ಪ್ರಕಾಶಕರ ಆಜ್ಞೆ. ಅಪ್ಪ ಆ ಆಜ್ಞೆಯ ಕೆಳಗೇ ಪೆನ್ಸಿಲಿನಲ್ಲಿ ಬೆಲೆ ಬರೆದು ಮಾರಿದರು. ಕೊಂಡವನ ವಸ್ತು ಕೊಂಡವನದು, ಅದರಲ್ಲಿ ಅಪ್ಪನಿಗೆ ಅನುಮಾನವೇ ಇರಲಿಲ್ಲ. ಇಂದು ನಿನ್ನ ಕಂಪನಿ ಗಿರಾಕಿಯ ಮನೆಯೊಳಗೆ ಬಂದು ಕೂತು, ಇದು ನಿನ್ನದಲ್ಲ ಅನ್ನುತ್ತಿದೆ. ಸರಕು ಹೋದರೆ ಹೋಗಲಿ, ಕಳ್ಳಮಾಲಿನ ಅಂಗಡಿ ಎಂಬ ಹೆಸರಿನಲ್ಲಿ ನಾನು ನಾಳೆ ಬಾಗಿಲು ತೆರೆಯಲಾರೆ.

ಬಿಸಿನೀರು ಕುಡಿ, ಜಾಸ್ತಿ ಮಾತಾಡಬೇಡ (ನಿನ್ನ ಕೆಲಸಕ್ಕೆ ಇದು ಕೆಟ್ಟ ಸಲಹೆ). ಭಾವನಿಗೆ ನನ್ನ ನೆನಪು ತಿಳಿಸು. ಅಪ್ಪನ ಆಶೀರ್ವಾದ ನಾನು ಬರೆಯದಿದ್ದರೂ ನಿನಗೆ ತಲುಪುತ್ತದೆ.

ನಿನ್ನ ಅಣ್ಣ

ಮರೆತಿದ್ದೆ: ಇದಕ್ಕೆ ಫೋನು ಮಾಡಬೇಡ. ಅಪ್ಪ ಎತ್ತುತ್ತಾರೆ, ನೀನು ಎರಡು ಮಾತಾಡುವುದರೊಳಗೆ ಕ್ಷಮಿಸಿಬಿಡುತ್ತಾರೆ, ಆಮೇಲೆ ನನಗೆ ಕೇಳಲು ಏನೂ ಉಳಿಯುವುದಿಲ್ಲ. ಇದೇ ವಿಷಯವನ್ನು ಪತ್ರಿಕೆಗೂ ಬರೆದಿದ್ದೇನೆ, ಭಾನುವಾರ ಬರುತ್ತದೆ, ಪಕ್ಕದಲ್ಲೇ ನಿನ್ನ ಉತ್ತರಕ್ಕೆ ಜಾಗ ಬಿಡುವುದಾಗಿ ಸಂಪಾದಕರು ಒಪ್ಪಿದ್ದಾರೆ. 'ಮೂಲ ಗೊತ್ತಿಲ್ಲದ ಹಳೆ ಡಿಸ್ಕು' ಎಂಬ ಆ ಹೇಳಿಕೆ ಬರೆಯುವಾಗ, ಮೊದಲ ಸೋಮವಾರ ನಾವು ಪ್ರತಿ ಡಿಸ್ಕನ್ನೂ ಯಂತ್ರಕ್ಕೆ ಹಾಕುತ್ತೇವೆಂದು ನಿನಗೆ ನೆನಪಿತ್ತೋ ಇಲ್ಲವೋ? ಇತ್ತು ಅಥವಾ ಇರಲಿಲ್ಲ, ಎರಡರಲ್ಲಿ ಒಂದನ್ನು, ನಿನ್ನ ಪೂರ್ತಿ ಹೆಸರು ಹಾಕಿ, ಬಸ್ ಚಾಲಕರು ಓದುವಂತೆ ಅಲ್ಲಿ ಬರೆ.